ಗ್ರಾಫಿಕ್ಸ್ ಚಿಪ್ಪಿನ ಮೇಲೆ ಆರೋಪ ಹೊರಿಸುವ ಮುನ್ನ

2023ರಿಂದ ಈಚೆಗೆ ಕಂಪ್ಯೂಟರ್ ಆಟಗಳನ್ನು ಆಡುವ ಅನೇಕರಿಗೆ ಒಂದು ವಿಚಿತ್ರ ಸಂದೇಶ ಕಾಣಿಸತೊಡಗಿತು. ಆಟ ತೆರೆದುಕೊಳ್ಳುವಷ್ಟರಲ್ಲೇ ನಿಂತುಹೋಗಿ, ವಿಡಿಯೊ ಮೆಮೊರಿ ಸಾಲದು ಎಂದು ಹೇಳುತ್ತಿತ್ತು. ಹೀಗೆ ದೂರು ಕೊಟ್ಟವರಲ್ಲಿ 24 ಜಿಬಿ ಮೆಮೊರಿಯ, ಆ ಕಾಲದ ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡ್ ಇದ್ದವರೂ ಇದ್ದರು. ಡ್ರೈವರ್ ತೆಗೆದು ಹಾಕಿದರೂ, ಕಾರ್ಡನ್ನೇ ಬದಲಿಸಿದರೂ ಸಂದೇಶ ಮಾತ್ರ ಹೋಗಲಿಲ್ಲ. 2024ರ ಏಪ್ರಿಲ್‌ನಲ್ಲಿ ಎನ್‌ವಿಡಿಯಾ ಕಂಪನಿ, ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಪ್ರೊಸೆಸರ್ ಇರುವವರು ಇಂಟೆಲ್ ಕಂಪನಿಯನ್ನೇ ವಿಚಾರಿಸುವುದು ಒಳ್ಳೆಯದು ಎಂದಿತು. ಜುಲೈನಲ್ಲಿ ಇಂಟೆಲ್ ಒಪ್ಪಿಕೊಂಡಿತು: ಆ ತಲೆಮಾರುಗಳ ಡೆಸ್ಕ್‌ಟಾಪ್ ಪ್ರೊಸೆಸರುಗಳು ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಎಳೆದುಕೊಂಡು ಅಸ್ಥಿರವಾಗುತ್ತಿದ್ದವು. ಆಟದ ಕಡತಗಳನ್ನು ಗಾತ್ರ ಕುಗ್ಗಿಸಿ ಇಟ್ಟಿರುತ್ತಾರೆ. ಅವನ್ನು ಬಿಡಿಸುವ ಕೆಲಸ ಪ್ರೊಸೆಸರಿನದು. ಆ ಲೆಕ್ಕ ತಪ್ಪಿದಾಗ ಆಟಕ್ಕೆ ಕಾಣುತ್ತಿದ್ದದ್ದು ಗ್ರಾಫಿಕ್ಸ್ ಮೆಮೊರಿಯ ದೋಷವಾಗಿ.

ಡೆಸ್ಕ್‌ಟಾಪಿನಲ್ಲಿ ಇಂಥ ತಪ್ಪು ತೀರ್ಮಾನಕ್ಕೆ ಪರಿಹಾರವಿದೆ. ಕಾರ್ಡನ್ನು ಕಳಚಿ ಗೆಳೆಯನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ ಹತ್ತು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ. ಗೇಮಿಂಗ್ ಲ್ಯಾಪ್‌ಟಾಪಿನಲ್ಲಿ ಆ ದಾರಿಯೇ ಇಲ್ಲ. ಅದರಲ್ಲಿ ‘ಕಾರ್ಡ್’ ಎಂಬ ಬಿಡಿ ವಸ್ತು ಇರುವುದೇ ಅಪರೂಪ. ಗ್ರಾಫಿಕ್ಸ್ ಚಿಪ್ಪು, ಅದರ ಸುತ್ತಲಿನ ಮೆಮೊರಿ ಚಿಪ್ಪುಗಳು, ಅವಕ್ಕೆ ವಿದ್ಯುತ್ ಹದಮಾಡಿ ಕೊಡುವ ಬಿಡಿಭಾಗಗಳು ಎಲ್ಲವೂ ಮದರ್‌ಬೋರ್ಡಿಗೇ ಬೆಸೆದುಕೊಂಡಿರುತ್ತವೆ. ಆದ್ದರಿಂದ ‘ಗ್ರಾಫಿಕ್ಸ್ ಹೋಗಿದೆ’ ಎಂದು ಸರ್ವಿಸ್ ಸೆಂಟರಿನಲ್ಲಿ ಹೇಳಿದರೆ ಅದರ ಅರ್ಥ ಬಹುಮಟ್ಟಿಗೆ ‘ಇಡೀ ಬೋರ್ಡ್ ಬದಲಿಸಬೇಕು’ ಎಂದೇ. ವಾರಂಟಿ ಮುಗಿದಿದ್ದರೆ ಆ ಬೋರ್ಡಿನ ಬೆಲೆ ಹಳೆಯ ಯಂತ್ರದ ಬೆಲೆಯನ್ನೇ ಮುಟ್ಟಬಹುದು. ಸಾಲ ಮಾಡಿ ಮಗನಿಗೋ ಮಗಳಿಗೋ ಇಂಜಿನಿಯರಿಂಗ್ ಕಾಲೇಜಿಗೆಂದು ಲ್ಯಾಪ್‌ಟಾಪ್ ಕೊಡಿಸಿದ ಮನೆಗೆ ಇದು ಸಣ್ಣ ಮಾತಲ್ಲ. ತೀರ್ಪು ಕೊಡುವ ಮೊದಲು ಸಾಕ್ಷ್ಯ ಕೂಡಿಸಬೇಕಾದದ್ದು ಅದಕ್ಕೇ. ಒಳ್ಳೆಯ ಸುದ್ದಿ ಏನೆಂದರೆ, ಆ ಸಾಕ್ಷ್ಯದ ಬಹುಪಾಲನ್ನು ಒಂದು ಸ್ಕ್ರೂ ಸಹ ಬಿಚ್ಚದೆ ಮನೆಯಲ್ಲೇ ಕೂಡಿಸಬಹುದು.

ಲಕ್ಷಣಗಳು ಬಹುತೇಕ ಎಲ್ಲರಿಗೂ ಪರಿಚಿತವಾದವೇ. ಆಟದ ನಡುವೆ ಪರದೆಯ ಮೇಲೆ ಬಣ್ಣಬಣ್ಣದ ಚೌಕಗಳು ಮೂಡುತ್ತವೆ, ಗೋಡೆ ಮರಗಳೆಲ್ಲ ಮುಳ್ಳಿನಂತೆ ಚೂಪಾಗಿ ಎಳೆದುಕೊಳ್ಳುತ್ತವೆ, ಉದ್ದುದ್ದ ಗೆರೆಗಳು ಬೀಳುತ್ತವೆ, ಪರದೆ ಕಪ್ಪಾಗಿ ಫ್ಯಾನ್ ಮಾತ್ರ ಜೋರಾಗಿ ಓಡುತ್ತದೆ, ಇಲ್ಲವೇ ನೀಲಿ ಪರದೆ ಬಂದು ಯಂತ್ರ ಮತ್ತೆ ಶುರುವಾಗುತ್ತದೆ. ಇವೆಲ್ಲವನ್ನೂ ಗ್ರಾಫಿಕ್ಸ್ ಚಿಪ್ಪು ಮಾಡಬಲ್ಲದು. ಪರದೆಯ ಕೇಬಲ್, ರ್‍ಯಾಮ್, ಡ್ರೈವರ್, ಚಾರ್ಜರ್ ಕೂಡ ಇವುಗಳಲ್ಲಿ ಒಂದಲ್ಲ ಒಂದನ್ನು ಮಾಡಬಲ್ಲವು.

ಮೊದಲ ಪರೀಕ್ಷೆ ತೀರಾ ಸುಲಭದ್ದು, ಆದರೂ ಅಂಗಡಿಗೆ ಓಡುವ ಅವಸರದಲ್ಲಿ ಹೆಚ್ಚಿನವರು ಇದನ್ನು ಮಾಡುವುದೇ ಇಲ್ಲ. ಗೆರೆಗಳು ಕಾಣುತ್ತಿರುವಾಗ ಒಂದು ಸ್ಕ್ರೀನ್‌ಶಾಟ್ ತೆಗೆದು, ಅದನ್ನು ಫೋನಿಗೆ ಕಳಿಸಿ ನೋಡಬೇಕು. ಸ್ಕ್ರೀನ್‌ಶಾಟ್ ಎಂದರೆ ಮೆಮೊರಿಯಲ್ಲಿ ಸಿದ್ಧವಾದ ಚಿತ್ರದ ನಕಲು. ಪರದೆಗೂ ಅದಕ್ಕೂ ಸಂಬಂಧವಿಲ್ಲ. ಫೋನಿನಲ್ಲೂ ಗೆರೆಗಳು ಕಂಡರೆ ಚಿತ್ರ ತಯಾರಾಗುವ ಹಂತದಲ್ಲೇ ಕೆಟ್ಟಿದೆ. ಫೋನಿನಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಅನುಮಾನ ಪರದೆ ಅಥವಾ ಅದರ ಕೇಬಲ್ ಕಡೆ ತಿರುಗುತ್ತದೆ. ಮುಚ್ಚಳವನ್ನು ನಿಧಾನಕ್ಕೆ ಹಿಂದೆ ಮುಂದೆ ಮಾಡಿದಾಗ ಗೆರೆಗಳು ಬಂದು ಹೋದರೆ ಅದು ಕೀಲಿನ ಬಳಿ ಸವೆದ ಕೇಬಲ್ಲೇ ಇರಬೇಕು. ಡೆಲ್ ಲ್ಯಾಪ್‌ಟಾಪುಗಳಲ್ಲಿ ‘ಡಿ’ ಕೀ ಒತ್ತಿ ಹಿಡಿದು ಪವರ್ ಬಟನ್ ಒತ್ತಿದರೆ ಪರದೆ ಒಂದೊಂದೇ ಬಣ್ಣವನ್ನು ತಾನಾಗಿ ತೋರಿಸುತ್ತದೆ; ಅಲ್ಲೂ ಗೆರೆ ಕಂಡರೆ ಗ್ರಾಫಿಕ್ಸ್ ಚಿಪ್ಪು ನಿರಪರಾಧಿ. ಕೇಬಲ್ ಬದಲಿಸುವುದಕ್ಕೂ ಬೋರ್ಡ್ ಬದಲಿಸುವುದಕ್ಕೂ ಇರುವ ಖರ್ಚಿನ ಅಂತರ ಅಗಾಧ.

ಹೊರಗಿನ ಮಾನಿಟರಿಗೋ ಟಿವಿಗೋ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿ ನೋಡುವುದು ಎರಡನೆಯ ಪರೀಕ್ಷೆ. ಇದರ ಫಲಿತಾಂಶವನ್ನು ಓದುವಾಗ ಮಾತ್ರ ತುಸು ಎಚ್ಚರ ಬೇಕು. ಎನ್‌ವಿಡಿಯಾ 2010ರಲ್ಲಿ ಆಪ್ಟಿಮಸ್ ಎಂಬ ವ್ಯವಸ್ಥೆ ತಂದ ಮೇಲೆ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ಘಟಕಗಳು ಒಟ್ಟಿಗೆ ಬಾಳುತ್ತಿವೆ. ಒಂದು ಪ್ರೊಸೆಸರಿನ ಒಳಗೇ ಇರುವ ಸಣ್ಣದು, ಇನ್ನೊಂದು ಆಟಕ್ಕೆಂದೇ ಇರುವ ದೊಡ್ಡದು. ಲ್ಯಾಪ್‌ಟಾಪಿನ ಪರದೆಗೆ ತಂತಿ ಹೋಗಿರುವುದು ಸಾಮಾನ್ಯವಾಗಿ ಸಣ್ಣದರಿಂದ. ದೊಡ್ಡದು ಆಟದ ಚಿತ್ರವನ್ನು ಬಿಡಿಸಿ ಸಣ್ಣದರ ಕೈಗೆ ಕೊಡುತ್ತದೆ, ಸಣ್ಣದು ಅದನ್ನು ಪರದೆಗೆ ತಲುಪಿಸುತ್ತದೆ. ಎಚ್‌ಡಿಎಂಐ ಕಿಂಡಿ ಮಾತ್ರ ಹಲವು ಗೇಮಿಂಗ್ ಮಾದರಿಗಳಲ್ಲಿ ನೇರವಾಗಿ ದೊಡ್ಡ ಚಿಪ್ಪಿಗೆ ಜೋಡಣೆಯಾಗಿರುತ್ತದೆ. ಎರಡರ ನಡುವೆ ಬದಲಾಯಿಸಿಕೊಳ್ಳಲು ಮಕ್ಸ್ ಸ್ವಿಚ್ ಇರುವ ಮಾದರಿಗಳೂ ಇವೆ.

ಈ ತಂತಿಯ ಹಾದಿ ಗೊತ್ತಿದ್ದರೆ ಲಕ್ಷಣಗಳೇ ಮಾತಾಡತೊಡಗುತ್ತವೆ. ಲ್ಯಾಪ್‌ಟಾಪ್ ಶುರುವಾದೊಡನೆ ಕಂಪನಿಯ ಲಾಂಛನದ ಮೇಲೇ ಗೆರೆಗಳಿದ್ದರೆ ಆ ಹೊತ್ತಿಗೆ ದೊಡ್ಡ ಚಿಪ್ಪು ಕೆಲಸವನ್ನೇ ಶುರು ಮಾಡಿರದ ಸಾಧ್ಯತೆ ಹೆಚ್ಚು. ಪರದೆಯನ್ನೂ ರ್‍ಯಾಮನ್ನೂ ಮೊದಲು ನೋಡಬೇಕು. ಸಣ್ಣ ಗ್ರಾಫಿಕ್ಸ್ ಘಟಕಕ್ಕೆ ಸ್ವಂತ ಮೆಮೊರಿ ಇಲ್ಲ, ಅದು ಸಿಸ್ಟಮ್ಮಿನ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಹಾಗಾಗಿ ಒಂದು ಕೆಟ್ಟ ರ್‍ಯಾಮ್ ಪಟ್ಟಿ ಪರದೆಯ ತುಂಬ ಬಣ್ಣದ ಚುಕ್ಕಿಗಳನ್ನು ಚೆಲ್ಲಿ, ‘ಗ್ರಾಫಿಕ್ಸ್ ಹೋಯಿತು’ ಎಂದು ಮಾಲೀಕನನ್ನು ನಂಬಿಸಿಬಿಡಬಲ್ಲದು. ಮೆಮ್‌ಟೆಸ್ಟ್86 ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಒಂದು ರಾತ್ರಿ ಓಡಿಸಿದರೆ ಆ ಅನುಮಾನ ಬಗೆಹರಿಯುತ್ತದೆ. ವೆಬ್ ನೋಡುವಾಗ, ಅಸೈನ್‌ಮೆಂಟ್ ಬರೆಯುವಾಗ ಎಲ್ಲ ಸರಿಯಿದ್ದು, ಆಟ ತೆರೆದಾಗ ಮಾತ್ರ ಚೌಕಗಳು ಮೂಡಿದರೆ ದೊಡ್ಡ ಚಿಪ್ಪಿನ ಮೇಲಿನ ಆರೋಪಕ್ಕೆ ಮೊದಲ ಬಾರಿಗೆ ಬಲ ಬರುತ್ತದೆ.

ಅಲ್ಲಿಗೂ ತೀರ್ಪು ಕೊಡಲು ಕಾಲ ಬಂದಿಲ್ಲ. ಮುಂದಿನ ಅನುಮಾನಿತ ಡ್ರೈವರ್.

ವಿಂಡೋಸ್ ವಿಸ್ತಾದ ಕಾಲದಿಂದ ವಿಂಡೋಸಿನಲ್ಲಿ ಒಂದು ಕಾವಲು ಏರ್ಪಾಡಿದೆ. ಗ್ರಾಫಿಕ್ಸ್ ಚಿಪ್ಪಿಗೆ ಕೊಟ್ಟ ಕೆಲಸಕ್ಕೆ ಎರಡು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ವಿಂಡೋಸ್ ಡ್ರೈವರನ್ನು ಹೊಡೆದೆಬ್ಬಿಸಿ ಮತ್ತೆ ಶುರು ಮಾಡುತ್ತದೆ. ಪರದೆ ಒಂದು ಕ್ಷಣ ಕಪ್ಪಾಗಿ ಮರಳಿ ಬರುವುದು ಇದರಿಂದಲೇ. ಈವೆಂಟ್ ವ್ಯೂವರಿನಲ್ಲಿ 4101 ಸಂಖ್ಯೆಯ ನಮೂದಾಗಿ, ರಿಲಯಬಿಲಿಟಿ ಮಾನಿಟರಿನಲ್ಲಿ ‘ಲೈವ್ ಕರ್ನಲ್ ಈವೆಂಟ್ 141’ ಎಂಬ ಹೆಸರಿನಲ್ಲಿ ಇಂಥ ಘಟನೆಗಳು ದಿನ, ಗಂಟೆ ಸಮೇತ ಉಳಿದಿರುತ್ತವೆ. ಹೊಡೆದೆಬ್ಬಿಸಿದರೂ ಏಳದಿದ್ದರೆ ‘ವಿಡಿಯೊ ಟಿಡಿಆರ್ ಫೇಲ್ಯೂರ್’ ಎಂಬ ನೀಲಿ ಪರದೆ ಬರುತ್ತದೆ. ಈ ದಾಖಲೆಗಳನ್ನು ನೋಡಿ, ತೊಂದರೆ ಯಾವತ್ತಿನಿಂದ ಶುರುವಾಯಿತು, ಅದರ ಹಿಂದಿನ ದಿನ ಯಾವ ಡ್ರೈವರ್ ಅಥವಾ ಯಾವ ವಿಂಡೋಸ್ ಅಪ್‌ಡೇಟ್ ಬಂದಿತ್ತು ಎಂದು ತಾಳೆ ನೋಡುವುದು ಅರ್ಧ ಗಂಟೆಯ ಕೆಲಸ. ಎಷ್ಟೋ ಪ್ರಕರಣಗಳು ಇಲ್ಲೇ ಮುಗಿಯುತ್ತವೆ.

ತಪ್ಪು ಡ್ರೈವರ್ ಎಂಬುದು ಬರೀ ಊಹೆಯಲ್ಲ. 2010ರ ಮಾರ್ಚ್‌ನಲ್ಲಿ ಎನ್‌ವಿಡಿಯಾ ಬಿಡುಗಡೆ ಮಾಡಿದ 196.75 ಎಂಬ ಡ್ರೈವರ್ ಕೆಲವು ಕಾರ್ಡುಗಳ ಫ್ಯಾನಿನ ವೇಗವನ್ನು ಸರಿಯಾಗಿ ನಿಯಂತ್ರಿಸದೆ ಕಾರ್ಡುಗಳನ್ನು ಕಾಯಿಸುತ್ತಿತ್ತು. ಕಂಪನಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2025ರ ಆರಂಭದಲ್ಲೂ 572 ಸರಣಿಯ ಡ್ರೈವರುಗಳಿಂದ ಪರದೆ ಕಪ್ಪಾಗುವ ದೂರು ವ್ಯಾಪಕವಾಗಿ ಬಂದು, ಒಂದರ ಹಿಂದೊಂದು ತಿದ್ದುಪಡಿ ಹೊರಡಿಸಬೇಕಾಯಿತು. ಡ್ರೈವರ್ ಪರೀಕ್ಷಿಸುವ ಸರಿಯಾದ ಕ್ರಮವೆಂದರೆ ವಿಂಡೋಸನ್ನು ಸೇಫ್ ಮೋಡಿನಲ್ಲಿ ತೆರೆದು, ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶದಿಂದ ಹಳೆಯದರ ಚೂರೂ ಉಳಿಯದಂತೆ ತೆಗೆದು, ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯೇ ಆ ಮಾದರಿಗೆ ಕೊಟ್ಟಿರುವ ಡ್ರೈವರನ್ನು ಹಾಕುವುದು. ಹೊಸದೇ ಒಳ್ಳೆಯದು ಎಂಬ ನಂಬಿಕೆಯನ್ನು ಇಲ್ಲಿ ಬದಿಗಿಡಬೇಕು. ಉಬುಂಟು ಲಿನಕ್ಸನ್ನು ಪೆನ್‌ಡ್ರೈವಿನಿಂದ ಓಡಿಸಿ ನೋಡಿದರೆ ಇನ್ನೂ ಖಚಿತವಾಗುತ್ತದೆ: ಬೇರೆಯೇ ಕಾರ್ಯಾಚರಣ ವ್ಯವಸ್ಥೆ, ಬೇರೆಯೇ ಡ್ರೈವರ್; ಅಲ್ಲೂ ಅದೇ ಚೌಕಗಳು ಮೂಡಿದರೆ ತಂತ್ರಾಂಶದ ಮೇಲಿನ ಅನುಮಾನ ಬಹುಪಾಲು ಬಿಟ್ಟುಹೋಗುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ದೊಡ್ಡ ಚಿಪ್ಪಿನ ಪಕ್ಕ ಹಳದಿ ತ್ರಿಕೋನ ಮತ್ತು ‘ಕೋಡ್ 43’ ಕಂಡು, ಡ್ರೈವರ್ ಹೊಸದಾಗಿ ಹಾಕಿದ ಮೇಲೂ ಅದು ಹೋಗದಿದ್ದರೆ ಅದು ಕೆಟ್ಟ ಸೂಚನೆ.

ಇನ್ನು ಬಿಸಿಯ ವಿಷಯ. ಹೆಚ್ಚಿನ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪುಗಳು 87 ಡಿಗ್ರಿ ಸೆಲ್ಸಿಯಸ್ ಆಸುಪಾಸು ತಲುಪಿದೊಡನೆ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಆಟ ಮೊದಲ ಹತ್ತು ನಿಮಿಷ ಸಲೀಸಾಗಿ ಓಡಿ ಆಮೇಲೆ ತಡವರಿಸಿದರೆ ಅದು ಚಿಪ್ಪು ಸಾಯುತ್ತಿರುವ ಲಕ್ಷಣವಲ್ಲ, ತನ್ನನ್ನು ಕಾಪಾಡಿಕೊಳ್ಳುತ್ತಿರುವ ಲಕ್ಷಣ. ಎಚ್‌ಡಬ್ಲ್ಯುಇನ್ಫೋ ಎಂಬ ಉಚಿತ ತಂತ್ರಾಂಶ ಚಿಪ್ಪಿನ ಸರಾಸರಿ ತಾಪವನ್ನೂ ಅತಿ ಬಿಸಿ ಬಿಂದುವಿನ ತಾಪವನ್ನೂ ಬೇರೆಬೇರೆಯಾಗಿ ತೋರಿಸುತ್ತದೆ. ಎರಡರ ನಡುವೆ ಹತ್ತು ಹದಿನೈದು ಡಿಗ್ರಿ ಅಂತರ ಸಹಜ. ಅದು ಮೂವತ್ತಕ್ಕೆ ಹೋದರೆ ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವಿನ ಪೇಸ್ಟ್ ಒಣಗಿದೆ ಅಥವಾ ಬದಿಗೆ ಸರಿದಿದೆ ಎಂದು ತಿಳಿಯಬೇಕು. ಪ್ರತಿ ಸಲ ಕಾದು ತಣಿಯುವಾಗಲೂ ಪೇಸ್ಟ್ ತುಸುತುಸುವೇ ಅಂಚಿಗೆ ತಳ್ಳಿಕೊಂಡು ಹೋಗುವುದು ಲ್ಯಾಪ್‌ಟಾಪುಗಳ ಹಳೆಯ ರೋಗ.

ಕೋಣೆಯ ತಾಪ ಈ ಲೆಕ್ಕಕ್ಕೆ ನೇರವಾಗಿ ಸೇರುತ್ತದೆ. ಎ.ಸಿ. ಕೋಣೆಯ 25 ಡಿಗ್ರಿಯಲ್ಲಿ 75 ಡಿಗ್ರಿಗೆ ನಿಲ್ಲುವ ಚಿಪ್ಪು, ಏಪ್ರಿಲ್ ತಿಂಗಳ ಕಲಬುರಗಿಯಲ್ಲೋ ರಾಯಚೂರಿನಲ್ಲೋ 40 ಡಿಗ್ರಿಯ ಕೋಣೆಯಲ್ಲಿ ಅದೇ ಆಟಕ್ಕೆ 90ರ ಕಡೆ ನಡೆಯುತ್ತದೆ. ಅದರ ಮೇಲೆ ಹಾಸಿಗೆಯ ಮೇಲಿಟ್ಟು ಆಡಿದರೆ ಗಾಳಿ ಒಳಹೋಗುವ ತಳದ ಕಿಂಡಿಗಳೂ ಮುಚ್ಚುತ್ತವೆ. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಧೂಳು ಕಂಬಳಿಯಂತೆ ಕೂತಿರುವುದು ಹೊರಗಿನಿಂದ ಕಾಣುವುದಿಲ್ಲ. ತಳದ ಮುಚ್ಚಳ ತೆಗೆದಾಗಷ್ಟೇ ಕಾಣುತ್ತದೆ. ಸ್ವಚ್ಛಗೊಳಿಸಿ ಪೇಸ್ಟ್ ಬದಲಿಸುವ ಕೆಲಸವನ್ನು ಯಾವುದೇ ದೊಡ್ಡ ತೀರ್ಮಾನಕ್ಕೆ ಮೊದಲು ಮಾಡಿಸುವುದು ಲೇಸು. ಮೆಮೊರಿ ಚಿಪ್ಪುಗಳ ಮೇಲೆ ಕೂರುವ ಮೆತ್ತನೆಯ ಪ್ಯಾಡುಗಳ ದಪ್ಪ ಎಷ್ಟು ಎಂದು ತಿಳಿದವರಿಂದಲೇ ಮಾಡಿಸಬೇಕು. ದಪ್ಪದಲ್ಲಿ ಅರ್ಧ ಮಿಲಿಮೀಟರ್ ವ್ಯತ್ಯಾಸವಿರುವ ಪ್ಯಾಡ್ ಹಾಕಿದರೂ ಹೀಟ್‌ಸಿಂಕ್ ಚಿಪ್ಪಿನ ಮೇಲೆ ಸರಿಯಾಗಿ ಕೂರದೆ, ಇದ್ದದ್ದೂ ಕೆಡುತ್ತದೆ.

ಚಾರ್ಜರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಗೇಮಿಂಗ್ ಲ್ಯಾಪ್‌ಟಾಪುಗಳ ಜೊತೆ 180, 230, ಕೆಲವಕ್ಕೆ 330 ವಾಟಿನ ಇಟ್ಟಿಗೆ ಗಾತ್ರದ ಚಾರ್ಜರ್ ಬರುತ್ತದೆ. ಅದು ಕೆಟ್ಟಾಗ ಕೈಗೆ ಸಿಕ್ಕ ಇನ್ನೊಂದನ್ನು, ಇಲ್ಲವೇ 65 ವಾಟಿನ ಟೈಪ್-ಸಿ ಚಾರ್ಜರನ್ನು ಸಿಕ್ಕಿಸಿದರೆ ಲ್ಯಾಪ್‌ಟಾಪ್ ಶುರುವಾಗುತ್ತದೆ, ಬ್ಯಾಟರಿಯೂ ಏರುತ್ತದೆ. ಆಟ ತೆರೆದಾಗ ಮಾತ್ರ ಕುಂಟುತ್ತದೆ, ಒಮ್ಮೊಮ್ಮೆ ಫಕ್ಕನೆ ಆರಿಹೋಗುತ್ತದೆ. ಭಾರ ಬಿದ್ದಾಗ ಯಾವ ಸಂದೇಶವೂ ಇಲ್ಲದೆ ಯಂತ್ರ ಪೂರ್ತಿ ಆರಿದರೆ ಮೊದಲು ಚಾರ್ಜರ್, ಬ್ಯಾಟರಿ ಮತ್ತು ಅತಿಯಾದ ತಾಪವನ್ನು ನೋಡಬೇಕು. ತಳದ ಮುಚ್ಚಳ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿಕೊಂಡಿದೆ ಎಂದರ್ಥ. ಆಗ ಬೇರೆ ಪರೀಕ್ಷೆಗಳನ್ನೆಲ್ಲ ನಿಲ್ಲಿಸಿ ಅದನ್ನು ತೆಗೆಸುವುದೇ ಮೊದಲ ಕೆಲಸ, ಏಕೆಂದರೆ ಊದಿದ ಲಿಥಿಯಂ ಬ್ಯಾಟರಿ ಬೆಂಕಿ ಹತ್ತಿಕೊಳ್ಳಬಲ್ಲದು.

ಇಷ್ಟೆಲ್ಲ ಆದ ಮೇಲೂ ಚೌಕಗಳು ಉಳಿದರೆ ಕೊನೆಯ ಎರಡು ಪರೀಕ್ಷೆಗಳು. ಒಂದು, ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಗ್ರಾಫಿಕ್ಸ್ ಮೆಮೊರಿಯ ವೇಗವನ್ನು ಕೆಳಗಿಳಿಸಿ ಆಟ ಆಡಿ ನೋಡುವುದು. ವೇಗ ತಗ್ಗಿಸಿದಾಗ ಚೌಕಗಳು ಮಾಯವಾದರೆ ಮೆಮೊರಿ ಚಿಪ್ಪು ಅಥವಾ ಅದರ ಬೆಸುಗೆ ಕೆಟ್ಟಿರುವ ಸಾಧ್ಯತೆ ಹೆಚ್ಚು. ಇನ್ನೊಂದು, ಒಸಿಸಿಟಿಯಂಥ ತಂತ್ರಾಂಶದಿಂದ ಗ್ರಾಫಿಕ್ಸ್ ಮೆಮೊರಿಯನ್ನು ಬರೆದು ಓದಿಸಿ ತಪ್ಪುಗಳನ್ನು ಎಣಿಸುವುದು. ಆರೋಗ್ಯವಂತ ಕಾರ್ಡಿನಲ್ಲಿ ಎಣಿಕೆ ಸೊನ್ನೆಯಾಗಿರಬೇಕು. ಒಂದೇ ಒಂದು ತಪ್ಪು ಬಂದರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಫರ್‌ಮಾರ್ಕ್‌ನಂಥ ಕಠಿಣ ಭಾರದ ಪರೀಕ್ಷೆಯನ್ನು ಮಾತ್ರ ಈಗಾಗಲೇ ಸೋತಿರುವ ಯಂತ್ರದ ಮೇಲೆ ಗಂಟೆಗಟ್ಟಲೆ ಓಡಿಸಬಾರದು. ಮತ್ತು ಇವೆಲ್ಲಕ್ಕೂ ಮೊದಲು ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡಿರಬೇಕು.

ಚಿಪ್ಪು ನಿಜವಾಗಿಯೇ ಹೋಗುವುದು ಹೇಗೆ? ಇದಕ್ಕೆ ಉತ್ತರ ಹುಡುಕುವಾಗ 2008ರ ಒಂದು ಪ್ರಕರಣವನ್ನು ಬಿಟ್ಟು ಮುಂದೆ ಹೋಗಲಾಗದು. ಆ ವರ್ಷದ ಜುಲೈ 2ರಂದು ಎನ್‌ವಿಡಿಯಾ, ತನ್ನ ಹಿಂದಿನ ತಲೆಮಾರಿನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಸಹಜಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಕೆಡುತ್ತಿವೆ, ಪ್ಯಾಕೇಜಿನ ಸಾಮಗ್ರಿ ದುರ್ಬಲವಾಗಿರುವುದು ಕಾರಣ ಎಂದು ಹೂಡಿಕೆದಾರರಿಗೆ ತಿಳಿಸಿ, ದುರಸ್ತಿ ಮತ್ತು ಬದಲಿಯ ಖರ್ಚಿಗೆಂದು 15ರಿಂದ 20 ಕೋಟಿ ಡಾಲರ್ ತೆಗೆದಿಟ್ಟಿತು. ಮುಂದಿನ ಎರಡು ವರ್ಷಗಳಲ್ಲಿ ಆ ಮೊತ್ತಕ್ಕೆ ಇನ್ನಷ್ಟು ಸೇರಿಸಬೇಕಾಯಿತು. ಡೆಲ್, ಎಚ್‌ಪಿ, ಆಪಲ್ ಮೂರೂ ಕಂಪನಿಗಳ ಲ್ಯಾಪ್‌ಟಾಪುಗಳು ಇದಕ್ಕೆ ಸಿಕ್ಕಿದ್ದವು. ತಂತ್ರಜ್ಞಾನ ವರದಿಗಾರ ಚಾರ್ಲಿ ಡೆಮರ್ಜಿಯನ್ ಆ ಹೊತ್ತಿನಲ್ಲಿ ಬರೆದ ಸರಣಿ ಲೇಖನಗಳಿಂದ ದೋಷದ ಒಳಮರ್ಮ ಹೊರಬಂತು.

ಗ್ರಾಫಿಕ್ಸ್ ಚಿಪ್ಪು ಎಂದು ಕಣ್ಣಿಗೆ ಕಾಣುವ ಚೌಕದಲ್ಲಿ ಎರಡು ಪದರಗಳಿವೆ. ಮೇಲೆ ಕನ್ನಡಿಯಂತೆ ಹೊಳೆಯುವ ಸಿಲಿಕಾನ್ ಬಿಲ್ಲೆ, ಅದರ ಕೆಳಗೆ ಹಸಿರು ತಳಹಾಸು. ಬಿಲ್ಲೆಯನ್ನು ತಳಹಾಸಿಗೆ ಜೋಡಿಸುವುದು ಕೂದಲಿನ ದಪ್ಪದ ಸಾವಿರಾರು ಬೆಸುಗೆ ಉಬ್ಬುಗಳು; ಅವುಗಳ ನಡುವಿನ ಜಾಗವನ್ನು ಒಂದು ಬಗೆಯ ಅಂಟು ತುಂಬಿರುತ್ತದೆ. ತಳಹಾಸನ್ನು ಮದರ್‌ಬೋರ್ಡಿಗೆ ಜೋಡಿಸುವುದು ಬೇರೆ ಸಾಲಿನ, ಇನ್ನೂ ದೊಡ್ಡ ಬೆಸುಗೆ ಗುಂಡುಗಳು. ಬಿಸಿಯಾದಾಗ ತಳಹಾಸು ಸಿಲಿಕಾನಿಗಿಂತ ಸುಮಾರು ಐದಾರು ಪಟ್ಟು ಹೆಚ್ಚು ಹಿಗ್ಗುತ್ತದೆ. ಆಟ ಶುರುವಾದಾಗ ಒಮ್ಮೆ ಹಿಗ್ಗು, ಮುಗಿದಾಗ ಒಮ್ಮೆ ಕುಗ್ಗು. ನಡುವೆ ಸಿಕ್ಕಿಕೊಂಡ ಉಬ್ಬುಗಳು ಅತ್ತಿತ್ತ ಎಳೆದಾಟಕ್ಕೆ ಒಳಗಾಗುತ್ತವೆ. ತಂತಿಯನ್ನು ಒಂದೇ ಜಾಗದಲ್ಲಿ ಮತ್ತೆಮತ್ತೆ ಬಗ್ಗಿಸಿದರೆ ತುಂಡಾಗುವ ಹಾಗೆ, ಕೆಲವು ಸಾವಿರ ಸಲ ಕಾದು ತಣಿದ ಮೇಲೆ ಉಬ್ಬುಗಳಲ್ಲಿ ಬಿರುಕು ಹುಟ್ಟುತ್ತದೆ. ಅಂಟು ಗಟ್ಟಿಯಾಗಿದ್ದರೆ ಆ ಎಳೆತವನ್ನು ಅದು ಹೊರುತ್ತದೆ. ಡೆಮರ್ಜಿಯನ್ ವರದಿಯ ಪ್ರಕಾರ, ಆ ಚಿಪ್ಪುಗಳಲ್ಲಿ ಬಳಸಿದ್ದ ಅಂಟು ಚಿಪ್ಪು ದಿನನಿತ್ಯ ತಲುಪುವ ತಾಪದಲ್ಲೇ ಮೆತ್ತಗಾಗುತ್ತಿತ್ತು.

ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ 360 ಯಂತ್ರಗಳಲ್ಲಿ ಮೂರು ಕೆಂಪು ದೀಪ ಹೊತ್ತಿ ಸಾಯುತ್ತಿದ್ದ ಪ್ರಸಿದ್ಧ ಕಾಯಿಲೆಯೂ ಇದೇ ಕುಲದ್ದು. 2007ರ ಜುಲೈನಲ್ಲಿ ಕಂಪನಿ ವಾರಂಟಿಯನ್ನು ಮೂರು ವರ್ಷಕ್ಕೆ ವಿಸ್ತರಿಸಿ ನೂರು ಕೋಟಿ ಡಾಲರಿಗೂ ಹೆಚ್ಚು ಹಣ ತೆಗೆದಿಟ್ಟಿತು. ಕಾರಣವನ್ನು ಬಿಡಿಸಿ ಹೇಳಿದ್ದು ಮಾತ್ರ 2021ರಲ್ಲಿ, ತನ್ನದೇ ಸಾಕ್ಷ್ಯಚಿತ್ರದಲ್ಲಿ: ಕಾದು ತಣಿಯುವ ಏರಿಳಿತಕ್ಕೆ ಬಿಡಿಭಾಗದ ಒಳಗಿನ ಸಂಪರ್ಕಗಳು ಮುರಿಯುತ್ತಿದ್ದವು. ಜನ ಆಗ ಎಕ್ಸ್‌ಬಾಕ್ಸನ್ನು ಟವೆಲಿನಲ್ಲಿ ಸುತ್ತಿ ಬಿಸಿ ಮಾಡಿ ‘ಬದುಕಿಸುತ್ತಿದ್ದರು’.

ಆ ಟವೆಲಿನ ತಂತ್ರದ ಮುಂದುವರಿದ ರೂಪ ಇವತ್ತಿಗೂ ದುರಸ್ತಿ ಹೆಸರಿನಲ್ಲಿ ಬಿಕರಿಯಾಗುತ್ತಿದೆ ಎಂಬುದು ನೋವಿನ ಸಂಗತಿ. ಬೋರ್ಡನ್ನು ಅಡುಗೆಮನೆಯ ಓವನ್ನಿನಲ್ಲಿಟ್ಟು ಸುಮಾರು 200 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷ ಬೇಯಿಸಿದರೆ ಬೆಸುಗೆ ಕರಗಿ ಬಿರುಕು ಮುಚ್ಚುತ್ತದೆ ಎಂಬ ಸಲಹೆ ಅಂತರಜಾಲದ ತುಂಬ ಇದೆ. ಲೆಕ್ಕ ಹಾಕಿ ನೋಡಿದರೆ ಇದು ಬುಡದಲ್ಲೇ ನಿಲ್ಲುವುದಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಸೀಸಕ್ಕೆ ಕಡಿವಾಣ ಹಾಕುವ ನಿಯಮ 2006ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಬೋರ್ಡುಗಳಲ್ಲಿ ಬಳಕೆಯಾಗುತ್ತಿರುವ ತವರ–ಬೆಳ್ಳಿ–ತಾಮ್ರದ ಬೆಸುಗೆ ಕರಗುವುದು ಸುಮಾರು 217 ಡಿಗ್ರಿಯಲ್ಲಿ; 183 ಡಿಗ್ರಿಗೆ ಕರಗುತ್ತಿದ್ದದ್ದು ಹಳೆಯ ಸೀಸದ ಬೆಸುಗೆ. ಅಂದರೆ ಓವನ್ನಿನಲ್ಲಿ ಏನೂ ಕರಗಿರುವುದೇ ಇಲ್ಲ. ಬಿರುಕು ಬಿಟ್ಟ ಉಬ್ಬುಗಳು ಬಿಸಿಗೆ ಹಿಗ್ಗಿ ತಾತ್ಕಾಲಿಕವಾಗಿ ಒಂದನ್ನೊಂದು ಮುಟ್ಟಿರುತ್ತವೆ, ಅಷ್ಟೆ. ಕೆಲವು ದಿನ, ಹೆಚ್ಚೆಂದರೆ ಕೆಲವು ತಿಂಗಳು ಯಂತ್ರ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಪ್ಲಾಸ್ಟಿಕ್ ಕನೆಕ್ಟರುಗಳು, ಕೆಪಾಸಿಟರುಗಳು ಬೆಂದು ಹಾಳಾಗುವುದು ಮತ್ತು ರೊಟ್ಟಿ ಬೇಯಿಸುವ ಓವನ್ನಿನಲ್ಲಿ ವಿಷದ ಹೊಗೆ ತುಂಬುವುದು ಬೇರೆ.

ಅಂಗಡಿಯ ಹಾಟ್ ಏರ್ ಗನ್ ಮಾಡುವುದೂ ಬಹಳ ಸಲ ಇದನ್ನೇ. ರೀಬಾಲಿಂಗ್ ಸ್ವಲ್ಪ ಮೇಲಿನ ಹಂತದ ಕೆಲಸ: ಚಿಪ್ಪನ್ನು ಪೂರ್ತಿ ಕಿತ್ತು, ಹಳೆಯ ಗುಂಡುಗಳನ್ನು ತೆಗೆದು, ಹೊಸ ಗುಂಡುಗಳನ್ನು ಕೂರಿಸಿ ಮತ್ತೆ ಬೆಸೆಯುತ್ತಾರೆ. ಬೋರ್ಡಿನ ಕಡೆಯ ಗುಂಡುಗಳು ಬಿಟ್ಟುಕೊಂಡಿದ್ದರೆ, ಉದಾಹರಣೆಗೆ ಲ್ಯಾಪ್‌ಟಾಪ್ ಕೆಳಗೆ ಬಿದ್ದು ಬೋರ್ಡ್ ಬಾಗಿದ್ದರೆ, ಇದು ನಿಜವಾದ ಚಿಕಿತ್ಸೆಯೇ. ಬಿರುಕು ಚಿಪ್ಪಿನ ಒಳಗಿನ ಉಬ್ಬುಗಳಲ್ಲಿದ್ದರೆ ಹೊರಗಿನ ಗುಂಡು ಬದಲಿಸಿ ಏನು ಪ್ರಯೋಜನ? ಆ ಕೆಲಸದ ಬಿಸಿಗೆ ಯಂತ್ರ ಕೆಲ ಕಾಲ ಚೇತರಿಸಿಕೊಂಡಂತೆ ಕಾಣುತ್ತದೆ, ಹೆಸರು ರೀಬಾಲಿಂಗಿಗೆ ಹೋಗುತ್ತದೆ. ಅಂಥ ಪ್ರಕರಣದಲ್ಲಿ ಉಳಿಯುವ ಪ್ರಾಮಾಣಿಕ ದುರಸ್ತಿ ಒಂದೇ, ಹೊಸ ಚಿಪ್ಪು ಹಾಕುವುದು.

ಹಾಗೆಂದು ಬೋರ್ಡ್ ದುರಸ್ತಿ ಮಾಡುವವರೆಲ್ಲರನ್ನೂ ಅನುಮಾನದಿಂದ ನೋಡುವುದು ಅನ್ಯಾಯ. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಮೈಕ್ರೋಸ್ಕೋಪಿನ ಕೆಳಗೆ ಬೋರ್ಡ್ ಇಟ್ಟು, ಮಲ್ಟಿಮೀಟರಿನಿಂದ ಒಂದೊಂದೇ ವಿದ್ಯುತ್ ಹಾದಿಯನ್ನು ಅಳೆದು ನೋಡುವ ನುರಿತ ಕೈಗಳಿವೆ. ಸತ್ತಿದೆ ಎಂದು ಬರೆದುಕೊಟ್ಟ ಬೋರ್ಡಿನಲ್ಲಿ ಚಿಪ್ಪು ಗಟ್ಟಿಯಾಗಿಯೇ ಇದ್ದು, ಅದಕ್ಕೆ ವಿದ್ಯುತ್ ಕೊಡುವ ಒಂದು ಮಾಸ್ಫೆಟ್ಟೋ, ಅಕ್ಕಿ ಕಾಳಿಗಿಂತ ಚಿಕ್ಕ ಕೆಪಾಸಿಟರೋ ಶಾರ್ಟ್ ಆಗಿರುವುದುಂಟು. ಅನುಮಾನವಿರುವ ಹಾದಿಗೆ ಕಡಿಮೆ ವೋಲ್ಟೇಜ್ ಕೊಟ್ಟು, ಬೋರ್ಡಿನ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ, ಅದು ಯಾವ ಬಿಂದುವಿನಲ್ಲಿ ಮೊದಲು ಆರುತ್ತದೆ ಎಂದು ನೋಡಿ ಶಾರ್ಟ್ ಆದ ಭಾಗವನ್ನು ಹಿಡಿಯುತ್ತಾರೆ. ಥರ್ಮಲ್ ಕ್ಯಾಮೆರಾ ಇದ್ದರೆ ಕೆಲಸ ಇನ್ನೂ ಸಲೀಸು. ಇಲ್ಲಿ ಅನುಭವಕ್ಕೆ ದೊಡ್ಡ ಬೆಲೆಯಿದೆ: ದೊಡ್ಡ ಗ್ರಾಫಿಕ್ಸ್ ಚಿಪ್ಪುಗಳ ಮುಖ್ಯ ಹಾದಿಯ ರೋಧ ಆರೋಗ್ಯವಾಗಿರುವಾಗಲೂ ಒಂದು ಓಮ್‌ಗಿಂತ ಕಡಿಮೆ ಇರಬಹುದು. ಮೀಟರ್ ಬೀಪ್ ಎಂದೊಡನೆ ‘ಚಿಪ್ ಶಾರ್ಟ್ ಸರ್’ ಎಂದುಬಿಡುವವನಿಗೂ, ಅದೇ ಮಾದರಿಯ ಸರಿಯಾದ ಬೋರ್ಡಿನ ಅಳತೆ ಗೊತ್ತಿರುವವನಿಗೂ ಇರುವ ವ್ಯತ್ಯಾಸ ಅದು.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ನೇರವಾಗಿರಬೇಕು. ಯಾವ ಭಾಗ ಕೆಟ್ಟಿದೆ, ಅದು ಹೇಗೆ ಗೊತ್ತಾಯಿತು? ಬಿಸಿ ಮಾಡಿ ಕೊಡುತ್ತೀರಾ, ರೀಬಾಲಿಂಗ್ ಮಾಡುತ್ತೀರಾ, ಚಿಪ್ಪನ್ನೇ ಬದಲಿಸುತ್ತೀರಾ? ಬದಲಿಸುವುದಾದರೆ ಚಿಪ್ಪು ಹೊಸದೋ, ಬೇರೆ ಬೋರ್ಡಿನಿಂದ ಕಿತ್ತದ್ದೋ? ಎಷ್ಟು ತಿಂಗಳ ಗ್ಯಾರಂಟಿ, ಬಿಲ್ಲಿನ ಮೇಲೆ ಬರೆದುಕೊಡುತ್ತೀರಾ? ಒಳ್ಳೆಯ ಕೆಲಸಗಾರ ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಕೆಲವರು ಮೈಕ್ರೋಸ್ಕೋಪಿನಲ್ಲಿ ಸುಟ್ಟ ಭಾಗವನ್ನು ತೋರಿಸಿಯೇ ಮಾತು ಶುರು ಮಾಡುತ್ತಾರೆ.

ವಾರಂಟಿ ಇನ್ನೂ ಉಳಿದಿದ್ದರೆ ಹೊರಗೆ ಎಲ್ಲಿಯೂ ಬಿಚ್ಚಿಸದೆ ಕಂಪನಿಯ ಸರ್ವಿಸ್ ಸೆಂಟರಿಗೇ ಹೋಗಬೇಕು. ಸ್ಕ್ರೀನ್‌ಶಾಟುಗಳು, ಆಟದ ನಡುವೆ ಯಂತ್ರ ನಿಂತ ವಿಡಿಯೊ, 4101ರ ನಮೂದುಗಳು, ತಾಪದ ದಾಖಲೆ ಕೈಯಲ್ಲಿದ್ದರೆ ‘ನಮ್ಮಲ್ಲಿ ಪರೀಕ್ಷಿಸಿದಾಗ ಸರಿಯಾಗಿಯೇ ಇತ್ತು’ ಎಂಬ ಉತ್ತರ ಸುಲಭಕ್ಕೆ ಬರುವುದಿಲ್ಲ. ಮಾತು ಅಲ್ಲಿಗೂ ಮುಗಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವೇ ಇಲ್ಲ. ಒಂದೇ ಮಾದರಿಯ ದೂರುಗಳು ಗುಂಪಾಗಿ ಬಂದಾಗ ಕಂಪನಿಗಳು ಬಾಗಿರುವುದಕ್ಕೆ ಉದಾಹರಣೆಗಳಿವೆ. ಆಪಲ್, ಎನ್‌ವಿಡಿಯಾದ 8600ಎಂ ಜಿಟಿ ಚಿಪ್ಪಿನ ಮ್ಯಾಕ್‌ಬುಕ್ ಪ್ರೊಗಳಿಗೆ ಮೊದಲು ಖರೀದಿಯಿಂದ ಎರಡು ವರ್ಷದವರೆಗೆ ಉಚಿತ ದುರಸ್ತಿ ಘೋಷಿಸಿ, ಆಮೇಲೆ ಅದನ್ನು ನಾಲ್ಕು ವರ್ಷಕ್ಕೆ ಏರಿಸಿತು. 2011ರ ಮ್ಯಾಕ್‌ಬುಕ್ ಪ್ರೊಗಳಲ್ಲಿ ಎಎಂಡಿ ರೇಡಿಯಾನ್ ಚಿಪ್ಪುಗಳು ಸಾಲುಸಾಲಾಗಿ ಕೆಟ್ಟಾಗ ಬಳಕೆದಾರರು 2014ರಲ್ಲಿ ಅಮೆರಿಕದ ಕೋರ್ಟಿಗೆ ಹೋದರು, 2015ರ ಫೆಬ್ರವರಿಯಲ್ಲಿ ಉಚಿತ ದುರಸ್ತಿ ಯೋಜನೆ ಬಂತು. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಬೋರ್ಡಿನ ನಕ್ಷೆಗಳೂ ಬಿಡಿ ಚಿಪ್ಪುಗಳೂ ಸ್ವತಂತ್ರ ದುರಸ್ತಿಗಾರನಿಗೆ ಸಿಗುವ ದಿನ ಬರಬೇಕು. ಅಲ್ಲಿಯವರೆಗೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಬಿಚ್ಚಿ ಬದಲಿಸಬಹುದಾದ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡ್ ಅಸಾಧ್ಯದ ಮಾತೂ ಅಲ್ಲ. ಎಂಎಕ್ಸ್‌ಎಂ ಎಂಬ ಬಿಡಿ ಕಾರ್ಡಿನ ಮಾದರಿ 2004ರಲ್ಲೇ ಬಂದಿತ್ತು. ಕ್ಲೆವೊ, ಎಂಎಸ್‌ಐ, ಏಲಿಯನ್‌ವೇರ್‌ನ ದಪ್ಪ ಲ್ಯಾಪ್‌ಟಾಪುಗಳು ಅದನ್ನು ಬಳಸಿದವು. ತೆಳ್ಳಗಿನ ಯಂತ್ರಗಳ ಪೈಪೋಟಿಯಲ್ಲಿ ಅದು ಮೂಲೆಗುಂಪಾಯಿತು. ಈಗ ಅಮೆರಿಕದ ಫ್ರೇಮ್‌ವರ್ಕ್ ಕಂಪನಿ ತನ್ನ 16 ಇಂಚಿನ ಲ್ಯಾಪ್‌ಟಾಪಿನಲ್ಲಿ ಗ್ರಾಫಿಕ್ಸ್ ಘಟಕವನ್ನು ಮಾಲೀಕನೇ ಕಳಚಿ ಬೇರೆಯದನ್ನು ಕೂರಿಸುವ ಹಾಗೆ ಮಾಡಿದೆ. 2024ರಲ್ಲಿ ಎಎಂಡಿ ಘಟಕದೊಂದಿಗೆ ಕೊಂಡವರಿಗೆ 2025ರಲ್ಲಿ ಎನ್‌ವಿಡಿಯಾ ಆರ್‌ಟಿಎಕ್ಸ್ 5070 ಘಟಕವನ್ನು ಪ್ರಕಟಿಸಿತು.

ಬೋರ್ಡಿಗೇ ಬೆಸೆದ ಚಿಪ್ಪು ಸತ್ತು, ದುರಸ್ತಿಯ ಖರ್ಚೂ ಕೈಗೆಟುಕದಿದ್ದರೆ ಲ್ಯಾಪ್‌ಟಾಪನ್ನು ಗುಜರಿಗೆ ಹಾಕಬೇಕಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ದೊಡ್ಡ ಚಿಪ್ಪನ್ನು ಡಿಸೇಬಲ್ ಮಾಡಿದರೆ, ಕೆಲವು ಮಾದರಿಗಳಲ್ಲಿ ಬಯೋಸಿನಿಂದಲೇ ಅದನ್ನು ಆರಿಸಿದರೆ, ಪ್ರೊಸೆಸರಿನ ಒಳಗಿನ ಸಣ್ಣ ಗ್ರಾಫಿಕ್ಸ್ ಘಟಕ ಇಡೀ ಭಾರವನ್ನು ಹೊರುತ್ತದೆ. 2011ರ ಮ್ಯಾಕ್‌ಬುಕ್ ಪ್ರೊ ಮಾಲೀಕರು ಉಚಿತ ದುರಸ್ತಿಯ ಗಡುವು ಮುಗಿದ ಮೇಲೆ ಹಿಡಿದ ದಾರಿಯೂ ಇದೇ: ಫರ್ಮ್‌ವೇರಿನ ಒಂದು ಆಯ್ಕೆ ಬದಲಿಸಿ ಎಎಂಡಿ ಚಿಪ್ಪನ್ನು ಕಡೆಗಣಿಸುವಂತೆ ಮಾಡಿ, ಇಂಟೆಲ್ ಗ್ರಾಫಿಕ್ಸ್ ಒಂದರಲ್ಲೇ ವರ್ಷಗಟ್ಟಲೆ ಕೆಲಸ ತೆಗೆದರು. ಹೊಸ ಭಾರೀ ಆಟಗಳು ಅದರಲ್ಲಿ ಓಡುವುದಿಲ್ಲ. ಕೋಡ್ ಬರೆಯುವುದು, ಆನ್‌ಲೈನ್ ತರಗತಿ, ಪ್ರಾಜೆಕ್ಟ್ ವರದಿ, ಹಳೆಯ ಸಣ್ಣ ಆಟಗಳು ಎಲ್ಲವೂ ನಡೆಯುತ್ತವೆ. ದೊಡ್ಡ ಚಿಪ್ಪು ವಿದ್ಯುತ್ ಎಳೆಯದ ಕಾರಣ ಫ್ಯಾನಿನ ಸದ್ದು ತಗ್ಗುತ್ತದೆ, ಬ್ಯಾಟರಿಯೂ ಮೊದಲಿಗಿಂತ ಹೆಚ್ಚು ಹೊತ್ತು ಬರಬಹುದು.